ಮುಖಕ್ಕೊಪ್ಪುವ ಬಣ್ಣ

ಬಟ್ಟೆ ಕೊಳ್ಳುವಾಗ ನಾವು ಸಾಕಷ್ಟು ಎಚ್ಚರ ವಹಿಸುತ್ತೇವೆ. ನೂಲನ್ನು ಬೆರಳ ನಡುವೆ ಹಿಸುಕಿ ನೋಡುತ್ತೇವೆ, ಅಂಚನ್ನು ಮಗುಚಿ ನೋಡುತ್ತೇವೆ, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇವೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತೇವೆ. ಆದರೆ ಆ ಬಣ್ಣ ನಮಗೆ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಬೇರೆಯವರ ಬಾಯಿಗೆ ಬಿಟ್ಟುಬಿಡುತ್ತೇವೆ. ಅಂಗಡಿಯವರು ಎದ್ದು ಕಾಣುತ್ತದೆ ಎಂದರೆ ಕೊಳ್ಳುತ್ತೇವೆ. ನಿನ್ನ ಮೈಬಣ್ಣಕ್ಕೆ ಅದು ಹೊಂದುವುದಿಲ್ಲ ಎಂದು ಚಿಕ್ಕಂದಿನಲ್ಲಿ ಯಾರೋ ಆಡಿದ ಒಂದು ಮಾತು ಎಷ್ಟೋ ಜನರ ಕಿವಿಯಲ್ಲಿ ಜೀವಮಾನವಿಡೀ ಉಳಿದುಬಿಡುತ್ತದೆ. ಆ ಬಣ್ಣದ ಕಡೆಗೆ ಮತ್ತೆ ಕೈಯೇ ಹೋಗುವುದಿಲ್ಲ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟು. ಒಪ್ಪುವ ಬಣ್ಣ ಎಂಬುದು ನಿಜವಾಗಿಯೂ ಇದೆ, ಅದು ಮನಸ್ಸಿನ ಕಲ್ಪನೆಯಲ್ಲ. ಆದರೆ ಅದು ಯಾರದೋ ಪಟ್ಟಿಯಲ್ಲಿ ಸಿಗುವಂಥದ್ದಲ್ಲ. ಮುಖ, ಬಟ್ಟೆ, ಬೆಳಕು ಈ ಮೂರರ ನಡುವಿನ ಸಂಬಂಧದಲ್ಲಿ ಹುಟ್ಟುವಂಥದ್ದು. ಆ ಸಂಬಂಧವನ್ನು ಯಾರು ಬೇಕಾದರೂ ತಮ್ಮ ಕಣ್ಣಿನಿಂದಲೇ, ಕಾಸು ಖರ್ಚಿಲ್ಲದೆ ಕಂಡುಕೊಳ್ಳಬಹುದು. ಹಾಗೆ ಕಂಡುಕೊಳ್ಳಬೇಕಾದರೆ, ಬೆಳ್ಳಗೆ ಕಾಣಬೇಕು ಎಂಬ ಹಳೆಯ ಅಳತೆಗೋಲನ್ನು ಮೊದಲು ಕೆಳಗಿಡಬೇಕು.

ಬಣ್ಣ ಸಂಬಂಧದಲ್ಲಿ ಹುಟ್ಟುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಒಂದು ಬಟ್ಟೆಯ ಕಾರ್ಖಾನೆಯಲ್ಲಿ. 1824ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಷೆವ್ರೆಲ್ ಪ್ಯಾರಿಸ್ಸಿನ ಗೋಬೆಲಿನ್ ಕಾರ್ಖಾನೆಯ ಬಣ್ಣಗಾರಿಕೆಯ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಚಿತ್ರಗಳನ್ನೇ ನೇಯ್ದ ಭಾರಿ ಪರದೆಗಳಿಗೆ ಆ ಕಾರ್ಖಾನೆ ಹೆಸರಾಗಿತ್ತು. ಅಲ್ಲಿನ ನೇಕಾರರದೊಂದು ದೂರಿತ್ತು: ನೀಲಿ ಮತ್ತು ನೇರಳೆ ಬಟ್ಟೆಗಳ ನೆರಳನ್ನು ನೇಯಲು ಕೊಟ್ಟ ಕಪ್ಪು ನೂಲಿಗೆ ಕಸುವಿಲ್ಲ, ಅದು ಮಂಕಾಗಿ ಕಾಣುತ್ತದೆ ಎಂದು. ಷೆವ್ರೆಲ್ ಆ ಕಪ್ಪು ನೂಲನ್ನು ಬೇರೆ ಕಡೆಯ ಒಳ್ಳೆಯ ಕಪ್ಪು ನೂಲುಗಳ ಜೊತೆಗಿಟ್ಟು ಪರೀಕ್ಷಿಸಿದ. ಬಣ್ಣದಲ್ಲಿ ಏನೂ ಕೊರತೆಯಿರಲಿಲ್ಲ. ದೋಷವಿದ್ದದ್ದು ನೆರೆಯಲ್ಲಿ. ಪಕ್ಕದ ನೀಲಿ, ನೇರಳೆಗಳೇ ಕಪ್ಪಿನ ಕಸುವನ್ನು ಕುಂದಿಸಿ ಕಣ್ಣಿಗೆ ತೋರಿಸುತ್ತಿದ್ದವು. ಇಲ್ಲಿಂದ ಹೊರಟು ಆತ 1839ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಪ್ರಕಟಿಸಿದ. ಎರಡು ಬಣ್ಣಗಳು ಅಕ್ಕಪಕ್ಕ ಬಂದಾಗ ಪ್ರತಿಯೊಂದೂ ಇನ್ನೊಂದನ್ನು ತನ್ನಿಂದ ದೂರ ತಳ್ಳುತ್ತದೆ ಎಂಬುದು ಅದರ ಸಾರ. ತಿಳಿ ಬಣ್ಣದ ಪಕ್ಕದಲ್ಲಿ ಗಾಢ ಬಣ್ಣ ಇನ್ನೂ ಗಾಢವಾಗುತ್ತದೆ, ಗಾಢದ ಪಕ್ಕದಲ್ಲಿ ತಿಳಿ ಇನ್ನೂ ತಿಳಿಯಾಗುತ್ತದೆ. ಕೆಂಪಿನ ನೆರೆಯಲ್ಲಿರುವುದು ತುಸು ಹಸಿರಿನತ್ತ, ಹಸಿರಿನ ನೆರೆಯಲ್ಲಿರುವುದು ತುಸು ಕೆಂಪಿನತ್ತ ವಾಲುತ್ತದೆ. ಈ ನಿಯಮವನ್ನು ಷೆವ್ರೆಲ್ ಪರದೆಗಳಿಗಷ್ಟೇ ಮೀಸಲಿಡದೆ ಉಡುಪಿಗೂ ಮುಖಕ್ಕೂ ಅನ್ವಯಿಸಿದ. ಗುಲಾಬಿ ಕಳೆಯಿರುವ ಮುಖದ ಪಕ್ಕಕ್ಕೆ ಗುಲಾಬಿ ಬಟ್ಟೆಯನ್ನೇ ತಂದರೆ ಮುಖದ ತಾಜಾತನ ಕುಂದುತ್ತದೆ, ಕಳೆಗುಂದಿದ ಬಿಳಿಚು ಮುಖಕ್ಕೆ ತೆಳು ಹಸಿರು ರಂಗು ತರುತ್ತದೆ ಎಂದು ಆತ ಬರೆದ.

ಬಟ್ಟೆ ಮುಖದ ಮೇಲೆ ಮಾಡುವ ಕೆಲಸ ಇದೊಂದೇ ಅಲ್ಲ. ಬಟ್ಟೆಗೆ ಬಿದ್ದ ಬೆಳಕು ಚಿಮ್ಮಿ ಗದ್ದದ ಕೆಳಗೂ ಕೆನ್ನೆಯ ಅಂಚಿಗೂ ಬೀಳುತ್ತದೆ. ಬಿಸಿಲಲ್ಲಿ ಬಿಳಿ ಅಂಗಿ ತೊಟ್ಟು ನಿಂತವರ ಗದ್ದದಡಿಯ ನೆರಳು ತಿಳಿಯಾಗಿರುತ್ತದೆ. ಗಿಣಿಹಸಿರು ತೊಟ್ಟವರ ಗದ್ದದಡಿಯಲ್ಲಿ ಸಣ್ಣಗೆ ಹಸಿರು ಛಾಯೆ ಹರಡಿರುತ್ತದೆ. ಅಂದರೆ ಒಂದೇ ಬಟ್ಟೆ ಒಂದು ಕಡೆ ತನಗೆ ವಿರುದ್ಧವಾದುದನ್ನು ಮುಖದಲ್ಲಿ ಎಬ್ಬಿಸುತ್ತದೆ, ಇನ್ನೊಂದು ಕಡೆ ತನ್ನ ಬಣ್ಣವನ್ನೇ ಮುಖಕ್ಕೆ ಎರಚುತ್ತದೆ. ಈ ಎರಡರಲ್ಲಿ ಯಾವುದು ಮೇಲುಗೈ ಎಂಬುದು ಬಟ್ಟೆಯ ಹೊಳಪು, ಕೊರಳಿನ ಕತ್ತರಿಕೆ, ಬೆಳಕು ಬರುವ ದಿಕ್ಕು ಇವನ್ನೆಲ್ಲ ಅವಲಂಬಿಸಿದೆ. ಇಷ್ಟು ತಿಳಿದ ಮೇಲೆ ನಮ್ಮಲ್ಲಿ ತಲೆತಲಾಂತರದಿಂದ ಬಂದ ಒಂದು ನಿಯಮವನ್ನು ಪರೀಕ್ಷೆಗೆ ಒಡ್ಡಬಹುದು. ಕಪ್ಪಗಿರುವವರು ತಿಳಿ ಬಣ್ಣವನ್ನೇ ಉಡಬೇಕು, ಗಾಢ ಬಣ್ಣ ಉಟ್ಟರೆ ಇನ್ನೂ ಕಪ್ಪಗೆ ಕಾಣುತ್ತಾರೆ ಎಂಬುದು ಆ ನಿಯಮ. ಷೆವ್ರೆಲ್ ಕಂಡದ್ದು ಇದಕ್ಕೆ ತಿರುಗುಮುರುಗು. ತಿಳಿ ಬಟ್ಟೆಯ ಪಕ್ಕದಲ್ಲಿ ಗಾಢ ಮುಖ ಇನ್ನೂ ಗಾಢವಾಗಿ ಕಾಣಬೇಕು, ಗಾಢ ಬಟ್ಟೆಯ ಪಕ್ಕದಲ್ಲಿ ಅದೇ ಮುಖ ತುಸು ತಿಳಿಯಾಗಬೇಕು. ನಿಯಮವನ್ನು ಹೇಳಿದವರ ಉದ್ದೇಶವನ್ನೇ ಒಪ್ಪಿಕೊಂಡರೂ ಅವರ ಲೆಕ್ಕ ತಪ್ಪು. ಆದರೆ ನನ್ನ ತಕರಾರು ಲೆಕ್ಕದ ಮೇಲಷ್ಟೇ ಅಲ್ಲ, ಆ ಉದ್ದೇಶದ ಮೇಲೆಯೇ ಇದೆ.

ಒಪ್ಪುವುದು ಎಂದರೆ ಬೆಳ್ಳಗೆ ಕಾಣಿಸುವುದು ಎಂದು ನಮ್ಮ ಸಮಾಜ ಬಹುಕಾಲ ನಂಬಿಕೊಂಡು ಬಂದಿದೆ. ಮದುವೆಯ ಜಾಹೀರಾತುಗಳು ಅದನ್ನು ಹೇಳಿವೆ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಸೀರೆಯ ಬಣ್ಣ ಆರಿಸುವಾಗ ಹೆಂಗಸರು ಅದನ್ನೇ ಲೆಕ್ಕ ಹಾಕಿದ್ದಾರೆ. 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಮುಲಾಮು ಈ ನಂಬಿಕೆಯ ಮೇಲೆಯೇ ದಶಕಗಟ್ಟಲೆ ಮನೆಮನೆಗೆ ಮುಟ್ಟಿತು. ಲೋಕದಾದ್ಯಂತ ಟೀಕೆ ಎದ್ದ ಮೇಲೆ 2020ರಲ್ಲಿ ಅದರ ಹೆಸರನ್ನು ಗ್ಲೋ ಅಂಡ್ ಲವ್ಲಿ ಎಂದು ಬದಲಿಸಲಾಯಿತು. ಮುಲಾಮಿನ ಹೆಸರು ಬದಲಾದರೂ ಬಟ್ಟೆಯ ಅಂಗಡಿಯಲ್ಲಿ ಆ ಅಳತೆಗೋಲು ಇನ್ನೂ ನಡೆಯುತ್ತಿದೆ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ಎಣ್ಣೆಗೆಂಪಿನ, ಗೋಧಿ ಬಣ್ಣದ, ಅಚ್ಚ ಕಪ್ಪಿನ ಲಕ್ಷಾಂತರ ಜನ ತಮ್ಮ ಮುಖವನ್ನು ತೋರಿಸುವ ಬಣ್ಣವನ್ನು ಹುಡುಕುವ ಬದಲು ತಮ್ಮ ಮೈಯನ್ನು ಮರೆಸುವ ಬಣ್ಣವನ್ನು ಹುಡುಕುತ್ತಾರೆ. ಮರೆಸಬೇಕೆಂದು ಹೊರಟವರಿಗೆ ಬಣ್ಣದ ಸುಖ ಹೇಗೆ ಸಿಕ್ಕೀತು? ಹಾಗಾದರೆ ಸರಿಯಾದ ಅಳತೆ ಯಾವುದು ಎಂದು ನೀವು ಕೇಳಬಹುದು. ನನ್ನ ಉತ್ತರ ಹೀಗಿದೆ: ಎದುರಿಗಿರುವವರ ಕಣ್ಣು ಬಟ್ಟೆಯಲ್ಲಿ ಸಿಕ್ಕಿಹಾಕಿಕೊಳ್ಳದೆ ಮುಖಕ್ಕೆ ಹೋಗಿ ಅಲ್ಲೇ ನೆಲೆಸುವಂತೆ ಯಾವ ಬಣ್ಣ ಮಾಡುತ್ತದೋ ಅದು ಒಪ್ಪುವ ಬಣ್ಣ. ಕಣ್ಣು ಸ್ಪಷ್ಟವಾಗಿ, ತುಟಿಯ ಅಂಚು ಖಚಿತವಾಗಿ, ಚರ್ಮ ಒಂದೇ ಸಮನಾಗಿ ಕಾಣಬೇಕು. ಈ ಅಳತೆಯಲ್ಲಿ ಕಪ್ಪು ಮುಖಕ್ಕೂ ಬಿಳಿ ಮುಖಕ್ಕೂ ಸಮಾನ ಹಕ್ಕಿದೆ.

ಚರ್ಮದ ಬಣ್ಣ ಹೇಗೆ ಉಂಟಾಗುತ್ತದೆ ಎಂದು ನೋಡಿದರೆ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಮುಖ್ಯವಾಗಿ ಅದು ಮೆಲನಿನ್ ಎಂಬ ಕಂದು ವರ್ಣದ್ರವ್ಯ ಮತ್ತು ಚರ್ಮದಡಿ ಹರಿಯುವ ರಕ್ತದ ಕೆಂಪು ಇವುಗಳಿಂದಾದದ್ದು. ತರಕಾರಿ, ಹಣ್ಣುಗಳಿಂದ ಬರುವ ಕ್ಯಾರೊಟಿನ್ ಸ್ವಲ್ಪ ಹಳದಿಯನ್ನು ಸೇರಿಸುತ್ತದೆ. ಹಾಗಾಗಿ ನಾರ್ವೆಯವರಿರಲಿ, ನೈಜೀರಿಯಾದವರಿರಲಿ, ರಾಯಚೂರಿನವರಿರಲಿ, ಮನುಷ್ಯರ ಚರ್ಮವೆಲ್ಲ ಕೆಂಪಿಗೂ ಹಳದಿಗೂ ನಡುವಿನ ಕಿರಿದಾದ ಒಂದು ಪಟ್ಟಿಯಲ್ಲೇ ಇರುತ್ತದೆ. ನಮ್ಮ ನಮ್ಮ ನಡುವೆ ದೊಡ್ಡ ವ್ಯತ್ಯಾಸವಿರುವುದು ತಿಳಿ ಎಷ್ಟು, ಗಾಢ ಎಷ್ಟು ಎಂಬುದರಲ್ಲಿ. ಬಟ್ಟೆ ಆರಿಸುವವರಿಗೆ ಇದರಿಂದ ಒಂದು ಉಪಯೋಗವಿದೆ. ನನಗೆ ಹಸಿರು ಒಪ್ಪುತ್ತದೆಯೋ ಕೆಂಪು ಒಪ್ಪುತ್ತದೆಯೋ ಎಂಬ ಪ್ರಶ್ನೆಗಿಂತ, ಯಾವ ಹದದ ಹಸಿರು, ಯಾವ ಹದದ ಕೆಂಪು ಎಂಬ ಪ್ರಶ್ನೆ ಹೆಚ್ಚು ಫಲ ಕೊಡುತ್ತದೆ. ಹಸಿರೆಂದರೆ ಒಂದೇ ಹಸಿರೇ? ಗಿಣಿಹಸಿರಿದೆ, ಬಾಟಲಿ ಹಸಿರಿದೆ, ಪಾಚಿ ಹಸಿರಿದೆ, ಎಲೆಹಸಿರಿದೆ, ನವಿಲು ಹಸಿರಿದೆ. ಇವುಗಳಲ್ಲಿ ಒಂದು ನಿಮ್ಮ ಮುಖವನ್ನು ಕಳೆಗುಂದಿಸಿದ ಮಾತ್ರಕ್ಕೆ ಹಸಿರಿನ ಇಡೀ ಕುಲವನ್ನೇ ಮನೆಯಿಂದ ಹೊರಗಿಡಬೇಕಾಗಿಲ್ಲ. ಬಣ್ಣಕ್ಕೆ ಮೂರು ಗುಣಗಳಿವೆ: ಅದು ಕೆಂಪೋ ನೀಲಿಯೋ ಎಂಬ ಜಾತಿ ಒಂದು, ತಿಳಿಯೋ ಗಾಢವೋ ಎಂಬುದು ಎರಡನೆಯದು, ಕಡುವೋ ಮಾಸಲೋ ಎಂಬುದು ಮೂರನೆಯದು. ನಾವು ಮೊದಲನೆಯದನ್ನಷ್ಟೇ ಹಿಡಿದುಕೊಂಡು ತೀರ್ಮಾನ ಕೊಡುತ್ತೇವೆ. ಮುಖಕ್ಕೆ ಹೆಚ್ಚು ಲಾಭನಷ್ಟ ಮಾಡುವವು ಉಳಿದೆರಡು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ, ಇದನ್ನು ಶಾಸ್ತ್ರೀಯವಾಗಿ ಹೇಳಿಕೊಡುವ ಪದ್ಧತಿಗಳೇ ಇವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇವೆ, ನಿಜ. 1919ರಿಂದ 1923ರವರೆಗೆ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿಸಿದ ಯೋಹಾನೆಸ್ ಇಟ್ಟೆನ್, ವಿದ್ಯಾರ್ಥಿಗಳು ತಮ್ಮ ಇಷ್ಟಕ್ಕೆ ಬಿಟ್ಟಾಗ ಆರಿಸಿಕೊಳ್ಳುವ ಬಣ್ಣಗಳಿಗೂ ಅವರ ಕೂದಲು, ಕಣ್ಣು, ಚರ್ಮದ ಬಣ್ಣಗಳಿಗೂ ನಂಟಿದೆಯೆಂದು ಗಮನಿಸಿದ್ದ. ಅಮೆರಿಕದ ಕ್ಯಾರೊಲ್ ಜಾಕ್ಸನ್ 1980ರಲ್ಲಿ ಬರೆದ ಪುಸ್ತಕ ಜನರನ್ನು ವಸಂತ, ಬೇಸಿಗೆ, ಶರತ್ತು, ಚಳಿಗಾಲ ಎಂಬ ನಾಲ್ಕು ಋತುಗಳಾಗಿ ವಿಂಗಡಿಸಿ, ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಕಟ್ಟನ್ನು ಹಂಚಿಕೊಟ್ಟಿತು. ಇಂದು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇದು ದೊಡ್ಡ ವೃತ್ತಿಯಾಗಿ ಬೆಳೆದು, ಪ್ರವಾಸಿಗಳು ಹಣ ಕೊಟ್ಟು ಬಣ್ಣದ ಸಲಹೆ ಪಡೆಯುತ್ತಾರೆ. ಈ ಪದ್ಧತಿಯಲ್ಲಿ ಒಳ್ಳೆಯದೊಂದಿದೆ. ಬಟ್ಟೆಯ ತುಂಡುಗಳನ್ನು ಒಂದಾದ ಮೇಲೊಂದು ಎದೆಗೆ ಹಿಡಿದು ಮುಖ ಬದಲಾಗುವುದನ್ನು ನೋಡಿಸುತ್ತಾರೆ. ನೋಡುವ ಆ ಅಭ್ಯಾಸ ಅಮೂಲ್ಯವಾದದ್ದು. ಆದರೆ ಋತುಗಳ ಹಂಚಿಕೆ ಹುಟ್ಟಿದ್ದು ಹೊಂಬಣ್ಣದ, ಕೆಂಚು, ಕಂದು, ಕಪ್ಪು ಹೀಗೆ ಬಗೆಬಗೆಯ ಕೂದಲು, ನೀಲಿ, ಹಸಿರು, ಕಂದು ಹೀಗೆ ಬಗೆಬಗೆಯ ಕಣ್ಣು ಇರುವ ಜನರ ನಡುವೆ. ಕರಿಯ ಕೂದಲು, ಕಡುಕಂದು ಕಣ್ಣೇ ಬಹುಪಾಲಾಗಿರುವ ನಮ್ಮ ಕಡೆಯವರನ್ನು ಆ ಹಂಚಿಕೆಗೆ ತಂದರೆ ಹೆಚ್ಚಿನವರು ಚಳಿಗಾಲ ಎಂಬ ಒಂದೇ ಕಪಾಟಿಗೆ ಹೋಗಿ ಬೀಳುತ್ತಾರೆ. ಕೊಡಗಿನವರನ್ನೂ ಕಲಬುರಗಿಯವರನ್ನೂ, ಒಂದೇ ತಾಯಿಯ ಇಬ್ಬರು ಬೇರೆಬೇರೆ ಮೈಬಣ್ಣದ ಮಕ್ಕಳನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡುವ ಪದ್ಧತಿಯಿಂದ ನಮಗೆ ಏನು ತಿಳಿದಂತಾಯಿತು? ಮುಂಗೈಯ ನರ ಹಸಿರೋ ನೀಲಿಯೋ ಎಂದು ನೋಡಿ ಬಣ್ಣ ಹೇಳುವ ಉಪಾಯವೂ ಹೀಗೆಯೇ; ಮೆಲನಿನ್ ಹೆಚ್ಚಿರುವ ಚರ್ಮದಲ್ಲಿ ಆ ನರ ಸರಿಯಾಗಿ ಕಾಣುವುದೇ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕೆ ತೀರ ವಿರುದ್ಧವಾದದ್ದು. ಎಲ್ಲರಿಗೂ ಎಲ್ಲ ಬಣ್ಣವೂ ಒಪ್ಪುತ್ತದೆ, ಬೇಕಾದದ್ದು ಧೈರ್ಯ ಮಾತ್ರ, ಉಳಿದದ್ದೆಲ್ಲ ರುಚಿಭೇದ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿರುವ ಧೈರ್ಯವನ್ನು ನಾನು ಗೌರವಿಸುತ್ತೇನೆ. ಯಾವ ಬಣ್ಣವನ್ನಾದರೂ ತೊಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಹಕ್ಕಿನ ಮಾತು ಬೇರೆ, ಕಣ್ಣಿಗೆ ಕಾಣುವ ಮಾತು ಬೇರೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಂಶೋಧಕರು ಮುಖದ ಚಿತ್ರಗಳಿಗೆ ಬಟ್ಟೆಯ ಬಣ್ಣ ಆರಿಸಲು ಜನರಿಗೆ ಹೇಳಿದಾಗ ಆಯ್ಕೆಗಳು ದಿಕ್ಕುದಿಕ್ಕಿಗೆ ಚೆಲ್ಲಾಪಿಲ್ಲಿಯಾಗಲಿಲ್ಲ. ತಿಳಿ ಚರ್ಮದ ಮುಖಗಳಿಗೆ ನೀಲಿಯ ಕಡೆಗೆ, ಬಿಸಿಲಿಗೆ ಕಂದಿದ ಮುಖಗಳಿಗೆ ಕಿತ್ತಳೆ, ಕೆಂಪಿನ ಕಡೆಗೆ ಆಯ್ಕೆಗಳು ವಾಲಿದವು. ಅಲ್ಲಿ ಬಳಸಿದ್ದು ಬಿಳಿಯರ ಮುಖಗಳನ್ನಾದ್ದರಿಂದ ಆ ಉತ್ತರವನ್ನೇ ತಂದು ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಬೇರೆಬೇರೆ ಜನ ನೋಡಿದರೂ ಒಂದು ಮುಖಕ್ಕೆ ಒಪ್ಪುವ ಬಣ್ಣದ ಬಗ್ಗೆ ಸಾಕಷ್ಟು ಸಹಮತ ಇರುತ್ತದೆ ಎಂಬುದಷ್ಟೇ ಇಲ್ಲಿ ನಮಗೆ ಬೇಕಾದದ್ದು. ಎಲ್ಲವೂ ರುಚಿಭೇದವಾಗಿದ್ದರೆ ಆ ಸಹಮತ ಹುಟ್ಟುತ್ತಿರಲಿಲ್ಲ.

ಪಟ್ಟಿ ಬೇಡ, ಆದರೆ ವ್ಯತ್ಯಾಸ ನಿಜ ಎಂಬ ಈ ನಡುದಾರಿಗೆ ನಮ್ಮ ನೆಲದಲ್ಲೇ ಸೊಗಸಾದ ಉದಾಹರಣೆ ಇದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಹತ್ತಿರದಿಂದ ನೋಡಿ. ಅದರ ಒಡಲು ದಾಳಿಂಬೆ ಬಣ್ಣದ್ದಿರಬಹುದು, ನವಿಲು ಹಸಿರಿರಬಹುದು, ಗಿಣಿಹಸಿರಿರಬಹುದು, ಕಡುನೀಲಿಯಿರಬಹುದು. ಸೆರಗು ಮಾತ್ರ ಕೆಂಪು. ಆ ಕೆಂಪಿನ ನಡುವೆ ಬಿಳಿಯ ಪಟ್ಟಿಗಳಲ್ಲಿ ತೋಪು ತೆನೆಯ ವಿನ್ಯಾಸ. ಸಾಮಾನ್ಯ ಸೀರೆಯಲ್ಲಿ ಒಡಲಿನ ಹಾಸು ನೂಲೇ ಸೆರಗಿನ ತನಕ ಸಾಗುತ್ತದೆ. ಹಾಗಾಗಿ ಸೆರಗಿಗೆ ಬೇರೆ ಬಣ್ಣದ ಹೊಕ್ಕು ಹಾಕಿದರೂ ಹಾಸಿನ ಬಣ್ಣ ಅದರೊಳಗೆ ಬೆರೆತು, ಅಚ್ಚ ಕೆಂಪು ಬರಬೇಕಾದಲ್ಲಿ ಕಂದೋ ನೇರಳೆಯೋ ಬರುತ್ತದೆ. ಇಳಕಲ್ಲಿನ ನೇಕಾರರು ಇದಕ್ಕೆ ಒಪ್ಪಲಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ಇಟ್ಟುಕೊಂಡು, ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಅಷ್ಟು ಶ್ರಮಪಟ್ಟದ್ದರಿಂದ ಸೆರಗಿನ ಕೆಂಪು ಕಲಬೆರಕೆಯಿಲ್ಲದೆ ನಿಲ್ಲುತ್ತದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಅದೇ ಸೆರಗನ್ನು ತಲೆಯ ಮೇಲೆ ಹೊದೆಯುತ್ತಾರೆ. ಮುಖಕ್ಕೆ ತೀರ ಹತ್ತಿರವಾಗುವುದು ಆ ಕೆಂಪೇ. ಎರೆಹೊಲದಲ್ಲಿ ಬಿಸಿಲಿಗೆ ಮಾಗಿದ ಮುಖಗಳನ್ನು ಆ ಕೆಂಪು ಎಷ್ಟು ಚೆನ್ನಾಗಿ ಎತ್ತಿ ತೋರಿಸುತ್ತದೆ ಎಂಬುದನ್ನು ಯಾವ ಸಂತೆಯಲ್ಲಿ ಬೇಕಾದರೂ ನೋಡಬಹುದು. ಗಾಢ ಮೈಬಣ್ಣಕ್ಕೆ ಗಾಢ ಬಣ್ಣ ಒಪ್ಪದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಇನ್ನೂ ಒಂದು ಪಾಠ ಇದರಲ್ಲಿದೆ. ಮುಖದ ಹತ್ತಿರದ ಬಣ್ಣವನ್ನು ಜೋಪಾನವಾಗಿ ಕಾಯ್ದುಕೊಂಡರೆ, ದೂರದ ಒಡಲಿನಲ್ಲಿ ನಮಗಿಷ್ಟವಾದ ಯಾವ ಬಣ್ಣಕ್ಕೂ ಜಾಗವಿರುತ್ತದೆ. ಇಷ್ಟದ ಬಣ್ಣವೊಂದು ಮುಖಕ್ಕೆ ಹೊಂದದಿದ್ದರೆ ಅದನ್ನು ತೊರೆಯಬೇಕಿಲ್ಲ. ನೆರಿಗೆಗೆ, ಲಂಗಕ್ಕೆ, ಪ್ಯಾಂಟಿಗೆ, ಪಂಚೆಯ ಅಂಚಿಗೆ ಇಳಿಸಿದರಾಯಿತು. ಕುಪ್ಪಸ, ಸೆರಗು, ದುಪಟ್ಟಾ, ಅಂಗಿಯ ಕಾಲರು, ಶಲ್ಯ ಇವು ಮಾತ್ರ ಮುಖದ ನೆರೆಯವು.

ಮುಖ, ಬಟ್ಟೆಗಳ ಮಾತಾಯಿತು, ಮೂರನೆಯದು ಬೆಳಕು. ರವಿಕೆ ಬಟ್ಟೆ, ಲೈನಿಂಗು, ಫಾಲು ಮಾರುವ ಮ್ಯಾಚಿಂಗ್ ಸೆಂಟರುಗಳಲ್ಲಿ ಒಂದು ನೋಟ ಸಾಮಾನ್ಯ. ಸೀರೆಯ ಅಂಚನ್ನೂ ಬಟ್ಟೆಯ ತಾನನ್ನೂ ಹಿಡಿದುಕೊಂಡು ಗಿರಾಕಿಗಳು ಅಂಗಡಿಯ ಬಾಗಿಲ ಹೊರಗೆ ಬಂದು, ಬೀದಿಯ ಬೆಳಕಲ್ಲಿ ಎರಡನ್ನೂ ಜೋಡಿಸಿ ನೋಡುತ್ತಾರೆ. ಒಳಗೆ ಒಂದೇ ಎನಿಸಿದ ಎರಡು ನೇರಳೆಗಳು ಹೊರಗೆ ಬಂದೊಡನೆ ಬೇರೆಬೇರೆಯಾಗಿಬಿಡುತ್ತವೆ. ರೇಷ್ಮೆಗೆ ಹಾಕುವ ಬಣ್ಣದ ರಾಸಾಯನಿಕ ಬೇರೆ, ಹತ್ತಿಗೆ ಹಾಕುವುದು ಬೇರೆ. ಎರಡೂ ಒಂದು ಬೆಳಕಿನಲ್ಲಿ ಒಂದೇ ಬಣ್ಣದ ಅನುಭವ ಕೊಟ್ಟರೂ, ಬೆಳಕಿನ ಬೇರೆಬೇರೆ ಅಂಶಗಳನ್ನು ಹೀರುವ ರೀತಿ ಒಂದೇ ಆಗಿರಬೇಕಿಲ್ಲ. ಬೆಳಕು ಬದಲಾದರೆ ಗುಟ್ಟು ಹೊರಬೀಳುತ್ತದೆ. ಹಳೆಯ ತಂತಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ನಿನದು. ಅದರಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಆದ್ದರಿಂದ ಅದರಡಿಯಲ್ಲಿ ಕುಂಕುಮ, ಕನಕಾಂಬರ ಬಣ್ಣಗಳು ಅರಳುತ್ತವೆ, ನೀಲಿ ಕಪ್ಪಾಗುತ್ತದೆ. ಎಲ್‌ಇಡಿ ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದು ಬರೆದಿರುವ ಬೆಳಕು ಹಗಲಿನ ಬೆಳಕಿಗೆ ಹತ್ತಿರ. ಸಂಜೆ ಕತ್ತಲಾಗುತ್ತಿದ್ದಂತೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹಸಿರುಗಳು ಹೆಚ್ಚು ಹೊತ್ತು ಉಳಿಯುತ್ತವೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ 19ನೆಯ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಮೊಬೈಲಿನ ಚಿತ್ರವನ್ನಂತೂ ಈ ವಿಷಯದಲ್ಲಿ ನೆಚ್ಚಬಾರದು. ಚೌಕಟ್ಟಿನ ತುಂಬ ಹಳದಿ ಸೀರೆ ಬಂದರೆ ಕ್ಯಾಮೆರಾ ಅದನ್ನು ಹಳದಿ ಬೆಳಕೆಂದು ಬಗೆದು ಇಡೀ ಚಿತ್ರವನ್ನು ನೀಲಿಯ ಕಡೆಗೆ ತಿದ್ದಬಹುದು. ಆಗ ಮುಖದ ಬಣ್ಣವೂ ಬದಲಾಗುತ್ತದೆ. ಅದಕ್ಕೂ ಹಿಂದೆ, ಬಣ್ಣದ ಫಿಲಮ್ಮಿನ ಕಾಲದಲ್ಲಿ, ಬಿಳಿಯ ಹೆಣ್ಣಿನ ಮುಖವಿದ್ದ ಮಾದರಿ ಕಾರ್ಡನ್ನು ಇಟ್ಟುಕೊಂಡು ದಶಕಗಳ ಕಾಲ ಚಿತ್ರಗಳ ಬಣ್ಣವನ್ನು ಹೊಂದಿಸುತ್ತಿದ್ದರು. ಗಾಢ ಮೈಬಣ್ಣದವರ ಮುಖದ ವಿವರಗಳೇ ಅಂಥ ಚಿತ್ರಗಳಲ್ಲಿ ಅಳಿಸಿಹೋಗುತ್ತಿದ್ದವು. ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಎಷ್ಟೋ ಮಂದಿ ತಮ್ಮನ್ನೇ ದೂರಿಕೊಂಡರು; ಕೊರತೆಯಿದ್ದದ್ದು ಫಿಲಮ್ಮಿನಲ್ಲಿ.

ಹಾಗಾದರೆ ಒಪ್ಪುವ ಬಣ್ಣವನ್ನು ಕಂಡುಕೊಳ್ಳುವುದು ಹೇಗೆ? ಮನೆಯಲ್ಲಿ ಈಗಾಗಲೇ ಇರುವ ಸೀರೆ, ದುಪಟ್ಟಾ, ಟವೆಲು, ಶರ್ಟುಗಳೇ ಸಾಕು. ಬೆಳಗಿನ ಹೊತ್ತು, ನೇರ ಬಿಸಿಲು ಬೀಳದ ಆದರೆ ಬೆಳಕು ಧಾರಾಳವಾಗಿರುವ ಕಿಟಕಿಯ ಎದುರು ಅಥವಾ ಪಡಸಾಲೆಯಲ್ಲಿ ಕನ್ನಡಿ ಇಟ್ಟುಕೊಳ್ಳಿ. ಪೌಡರು, ಕ್ರೀಮು ಬೇಡ. ಒಂದೇ ಬಣ್ಣವನ್ನು ಒಂಟಿಯಾಗಿ ನೋಡಿ ತೀರ್ಪು ಕೊಡಬೇಡಿ. ಎರಡೆರಡನ್ನೇ ಜೊತೆಗಿಟ್ಟು ಹೋಲಿಸಿ. ಮೊದಲು ತಿಳಿ ನೀಲಿಗೂ ಕಡುನೀಲಿಗೂ, ಎಳೆಗೆಂಪಿಗೂ ಕಡುಗೆಂಪಿಗೂ ಹೋಲಿಕೆ ಮಾಡಿ, ನಿಮ್ಮ ಮುಖಕ್ಕೆ ತಿಳಿಯೋ ಗಾಢವೋ ಎಂದು ತಿಳಿಯಿರಿ. ಆಮೇಲೆ ಅಚ್ಚ ಹಳದಿಗೂ ಮಾಸಲು ಸಾಸಿವೆ ಬಣ್ಣಕ್ಕೂ, ರಾಣಿ ಗುಲಾಬಿಗೂ ಮಂಕು ಗುಲಾಬಿಗೂ ಹೋಲಿಸಿ ಕಡುವೋ ಮಾಸಲೋ ಎಂದು ನೋಡಿ. ಕೆಂಪೋ ಹಸಿರೋ ಎಂಬ ಪ್ರಶ್ನೆ ಕೊನೆಗೆ ಬರಲಿ. ನೋಡುವಾಗ ಬಟ್ಟೆಯನ್ನು ನೋಡಬೇಡಿ, ಮುಖವನ್ನೇ ನೋಡಿ. ಕಣ್ಣಿನ ಕೆಳಗಿನ ನೆರಳು ಹೆಚ್ಚಾಯಿತೇ ಕಡಿಮೆಯಾಯಿತೇ, ತುಟಿಯ ಗೆರೆ ಕರಗಿತೇ ನಿಂತಿತೇ, ಗದ್ದದಡಿ ಯಾವ ಛಾಯೆ ಬಿತ್ತು ಎಂದು ಗಮನಿಸಿ. ಜೊತೆಗೆ ಒಬ್ಬರನ್ನು ಕರೆದು, ಚೆನ್ನಾಗಿದೆಯೇ ಎಂದು ಕೇಳುವ ಬದಲು, ಮೊದಲು ಕಣ್ಣಿಗೆ ಬಿದ್ದದ್ದು ಬಟ್ಟೆಯೋ ಮುಖವೋ ಎಂದು ಕೇಳಿ. ಮುಖ ಎಂಬ ಉತ್ತರ ಮತ್ತೆ ಮತ್ತೆ ಬಂದ ಬಣ್ಣಗಳನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಅವನ್ನೇ ರಾತ್ರಿ ದೀಪದ ಬೆಳಕಿನಲ್ಲೂ ನೋಡಿ. ಆರತಕ್ಷತೆಗೆ ಉಡುವ ಸೀರೆಯನ್ನು ಹಗಲಲ್ಲಿ, ಕಚೇರಿಗೆ ತೊಡುವ ಅಂಗಿಯನ್ನು ಅಂಗಡಿಯ ಝಗಝಗ ಬೆಳಕಲ್ಲಿ ಆರಿಸುವುದು ಬೇಡ.

ಸಂಪ್ರದಾಯದ ಕಡೆಯಿಂದಲೂ ಆಕ್ಷೇಪ ಬರಬಹುದು. ಮದುವೆಗೆ ಹಸಿರು, ಮಂಗಳಕ್ಕೆ ಅರಿಶಿನ ಕುಂಕುಮದ ಬಣ್ಣ, ಶುಭಕ್ಕೆ ಕಪ್ಪು ಬೇಡ. ಇಲ್ಲಿ ಒಪ್ಪುವ ಮಾತೆಲ್ಲಿ ಬಂತು ಎಂದು. ಸಂಪ್ರದಾಯ ಬಣ್ಣದ ಜಾತಿಯನ್ನು ಹೇಳುತ್ತದೆ, ಹದವನ್ನು ನಮಗೆ ಬಿಡುತ್ತದೆ. ಹಸಿರು ಸೀರೆಯೇ ಆಗಬೇಕೆಂದಿದ್ದರೆ ಅದಕ್ಕೆ ನಿಮ್ಮ ಹಸಿರು ಯಾವುದೆಂದು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಅದೂ ಅಲ್ಲದೆ ಸಂಪ್ರದಾಯ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕಪ್ಪು ಅಶುಭವೆನ್ನುವ ನಾಡಿನಲ್ಲೇ ಕಸೂತಿ ತುಂಬಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಸಂಭ್ರಮಕ್ಕೆ ಉಡಿಸುವ ಪದ್ಧತಿ ಧಾರವಾಡ ಸೀಮೆಯಲ್ಲಿದೆ. ಆದರೆ ಸಂಪ್ರದಾಯದ ಹೆಸರಿನಲ್ಲಿ ನಡೆದ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗಲಾರೆ. ಗಂಡನನ್ನು ಕಳೆದುಕೊಂಡ ಹೆಣ್ಣಿನಿಂದ ಬಣ್ಣವನ್ನು ಕಿತ್ತುಕೊಂಡು, ಅವಳನ್ನು ಒಂದೇ ಬಣ್ಣದ ಸೀರೆಗೆ ಕಟ್ಟಿಹಾಕಿದ ಕಾಲವಿತ್ತು. ಅದರ ಸೌಮ್ಯ ರೂಪ ಇಂದಿಗೂ ಉಳಿದಿದೆ: ಈ ವಯಸ್ಸಿಗೆ ಇಂಥ ಬಣ್ಣವೇ ಎಂಬ ಮಾತಿನಲ್ಲಿ. ವಯಸ್ಸಾದಂತೆ ಮುಖ ಬದಲಾಗುವುದು ನಿಜ. ಕೂದಲು ಮೆಲನಿನ್ ಕಳೆದುಕೊಂಡು ನರೆಯುತ್ತದೆ. ಕಣ್ಣು, ಹುಬ್ಬು, ತುಟಿಗಳಿಗೂ ಸುತ್ತಲಿನ ಚರ್ಮಕ್ಕೂ ಇರುವ ಬಣ್ಣದ ಅಂತರ ತಗ್ಗುತ್ತದೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ರಸೆಲ್ ಮತ್ತು ಸಂಗಡಿಗರು ಫ್ರೆಂಚ್, ಚೀನೀ, ದಕ್ಷಿಣ ಆಫ್ರಿಕದ ಹೆಂಗಸರ ಮುಖಗಳಲ್ಲೆಲ್ಲ ಇದನ್ನು ಅಳೆದು ತೋರಿಸಿದ್ದಾರೆ. ಆದರೆ ಇದರಿಂದ ಹೊರಡುವ ತೀರ್ಮಾನ ಮಂಕು ಬಣ್ಣ ಉಡಿ ಎಂದಲ್ಲ, ಇನ್ನೊಮ್ಮೆ ಕನ್ನಡಿಯ ಮುಂದೆ ನಿಂತು ನೋಡಿ ಎಂದು. ಮುಖದಲ್ಲಿ ಅಂತರ ತಗ್ಗಿದಾಗ ಪಕ್ಕದ ಬಟ್ಟೆ ಅದನ್ನು ಸ್ವಲ್ಪ ತುಂಬಿಕೊಡಬಲ್ಲದು. ಬೆಳ್ಳಿಗೂದಲಿನ ಪಕ್ಕದಲ್ಲಿ ಮಾವಿನ ತಳಿರಿನ ಕೆಂಪು, ನವಿಲು ನೀಲಿ, ಬದನೆಕಾಯಿ ಬಣ್ಣ ಇವು ಪಡೆಯುವ ಶೋಭೆ ಕರಿಗೂದಲಿನ ಪಕ್ಕದಲ್ಲಿ ಸಿಗುವಂಥದ್ದಲ್ಲ. ಎಪ್ಪತ್ತರಲ್ಲಿ ಹೊಸ ಬಣ್ಣವೊಂದು ಒಪ್ಪತೊಡಗಿದರೆ ಅದನ್ನು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ.

ಕೊನೆಯ ಆಕ್ಷೇಪ ಅತ್ಯಂತ ಗಂಭೀರವಾದದ್ದು. ಇದೆಲ್ಲ ಕಪಾಟು ತುಂಬ ಬಟ್ಟೆ ಇರುವವರ ಚಿಂತೆ, ಹಬ್ಬಕ್ಕೊಂದು ಬಟ್ಟೆ ಕೊಳ್ಳುವವರಿಗೆ ಏನು ಬಣ್ಣ, ಏನು ಒಪ್ಪ ಎಂದು. ನನಗೆ ಇದು ತಲೆಕೆಳಗಾದ ಮಾತೆನಿಸುತ್ತದೆ. ಇಪ್ಪತ್ತು ಸೀರೆ ಇರುವವರಿಗೆ ಒಂದು ತಪ್ಪಿದರೂ ಹತ್ತೊಂಬತ್ತು ಉಳಿಯುತ್ತವೆ. ವರ್ಷಕ್ಕೊಂದೇ ಕೊಳ್ಳುವವರಿಗೆ ಆ ಒಂದೇ ಬಣ್ಣ ಇಡೀ ವರ್ಷದ ಸಂಗಾತಿ. ಅವರಿಗೇ ಸರಿಯಾದ ಆಯ್ಕೆ ಹೆಚ್ಚು ಮುಖ್ಯ. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿಯುವವರೆಗೆ ನೀಲಿ ಗಿಡ, ಮಂಜಿಷ್ಠ, ಅರಿಶಿನ, ಅಳಲೆಕಾಯಿ ಇಂಥವುಗಳಿಂದ ಬಂದಷ್ಟೇ ಬಣ್ಣಗಳು ಸಾಮಾನ್ಯರ ಪಾಲಿಗಿದ್ದವು. ಕೆಲವು ಕಡು ಬಣ್ಣಗಳು ಸಿರಿವಂತರ ಸೊತ್ತಾಗಿದ್ದವು. ಇಂದು ಸಂತೆಯ ಬಟ್ಟೆಯಂಗಡಿಯಲ್ಲೂ ನೂರಾರು ಬಣ್ಣಗಳು ಒಂದೇ ಬೆಲೆಗೆ ಸಿಗುತ್ತವೆ. ಬಣ್ಣಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಆರಿಸುವ ಕಣ್ಣು ಬೇಕು. ಆ ಕಣ್ಣು ಬಂದವರು ಕಡಿಮೆ ಕೊಳ್ಳುತ್ತಾರೆ, ಕೊಂಡದ್ದನ್ನು ಹೆಚ್ಚು ಕಾಲ ಉಡುತ್ತಾರೆ. ಗಂಡಸರಿಗೂ ಈ ಮಾತು ಸಲ್ಲುತ್ತದೆ. ತಿಳಿ ನೀಲಿ, ಬಿಳಿ, ಬೂದು ಎಂಬ ಮೂರೇ ಅಂಗಿಗಳಲ್ಲಿ ಜೀವನ ಕಳೆಯುವುದು ಅವರಿಗೆ ಯಾರೂ ವಿಧಿಸಿದ ಕಟ್ಟಳೆಯಲ್ಲ. ಬಿಸಿಲಲ್ಲಿ ದುಡಿದು ಕಂದಿದ ಗಂಡಸಿನ ಮುಖಕ್ಕೆ ಇಟ್ಟಿಗೆಗೆಂಪು, ಕಡುಹಸಿರು ಅಂಗಿ ಎಂಥ ಗತ್ತು ಕೊಡುತ್ತದೆಂದು ಒಮ್ಮೆ ತೊಟ್ಟು ನೋಡಬೇಕು.

ಬಣ್ಣವನ್ನು ಕಂಡುಕೊಳ್ಳುವುದು ಅರ್ಧ ಕೆಲಸ, ಅನುಭವಿಸುವುದು ಇನ್ನರ್ಧ. ತೊಟ್ಟ ಬಣ್ಣ ನಮ್ಮ ಮುಖಕ್ಕೆ ಏನು ಮಾಡಿತೆಂದು ನಮಗೆ ಕಾಣುವುದಿಲ್ಲ. ಅದು ಎದುರಿನವರಿಗೆ ಕಾಣುತ್ತದೆ. ನಮಗೆ ದಿನವಿಡೀ ಕಾಣುವುದು ನಮ್ಮ ತೋಳು, ಮಡಿಲು, ನೆರಿಗೆ. ಹಾಗಾಗಿ ಉಡುಪಿನ ಬಣ್ಣಕ್ಕೆ ಇಬ್ಬರು ಹಕ್ಕುದಾರರು: ನೋಡುವವರು ಮತ್ತು ಉಟ್ಟವರು. ನೋಡುವವರ ಹಕ್ಕನ್ನು ಮುಖದ ಹತ್ತಿರದ ಬಟ್ಟೆಯಲ್ಲಿ ಗೌರವಿಸೋಣ, ನಮ್ಮ ಹಕ್ಕನ್ನು ಉಳಿದೆಲ್ಲದರಲ್ಲಿ ಬಿಡದೆ ಉಳಿಸಿಕೊಳ್ಳೋಣ. ಎರಡೂ ಒಂದೇ ಬಣ್ಣದಲ್ಲಿ ಕೂಡಿಬಂದರೆ ಅದು ಭಾಗ್ಯ. ಕೂಡದಿದ್ದರೂ ಇಬ್ಬರಿಗೂ ಜಾಗವಿದೆ. ಮಕ್ಕಳಿಗಂತೂ ಈ ಬಣ್ಣ ನಿನಗೆ ಹೊಂದುವುದಿಲ್ಲ ಎಂಬ ಮಾತನ್ನು ಹೇಳುವ ಮೊದಲು ದೊಡ್ಡವರು ಹತ್ತು ಬಾರಿ ಯೋಚಿಸಬೇಕು. ಹೇಳುವುದಾದರೆ, ಬಾ, ಕಿಟಕಿಯ ಹತ್ತಿರ ಇಟ್ಟು ನೋಡೋಣ ಎಂದು ಹೇಳಬೇಕು. ಆ ಮಗುವಿಗೆ ತನ್ನ ಮುಖವನ್ನು ತಾನೇ ನೋಡಿ ಇಷ್ಟಪಡುವ ಅಭ್ಯಾಸ ಬೆಳೆದರೆ, ಮೈಬಣ್ಣದ ಹೆಸರಿನಲ್ಲಿ ಅದನ್ನು ಕುಗ್ಗಿಸುವುದು ಮುಂದೆ ಯಾರಿಗೂ ಸುಲಭವಾಗುವುದಿಲ್ಲ. ಒಪ್ಪುವ ಬಣ್ಣದ ಹುಡುಕಾಟ ಸಣ್ಣ ವಿಷಯವೆಂದು ನಾನು ಎಣಿಸದಿರುವುದು ಈ ಕಾರಣಕ್ಕೆ.